ಚಾಲಕನಿಲ್ಲದ ರೈಲಿಗೂ ಕೀಲೆಣ್ಣೆ ಬೇಕು

ಪ್ರತಿ ವರ್ಷ ಈ ಪುಟದಲ್ಲಿ ಯಾವುದಾದರೊಂದು ಯಂತ್ರದ ಹೊಟ್ಟೆಯೊಳಗೆ ಇಣುಕಿ ನೋಡುವುದು ನಮ್ಮ ವಾಡಿಕೆ. ಈ ಸಲ ರೈಲು. ಎಂಜಿನ್ನಿನ ಮಾತಲ್ಲ, ಸಿಗ್ನಲ್ಲಿನದೂ ಅಲ್ಲ. ಗಾಲಿಯ ಅಚ್ಚನ್ನು ಹೊತ್ತಿರುವ ಬೇರಿಂಗು, ಅದರೊಳಗಿನ ಒಂದಿಷ್ಟು ಗ್ರೀಸು. ವಿಷಯ ಹೇಳಿದಾಗ ಸಂಘದ ಗೆಳೆಯರೊಬ್ಬರು, "ಗ್ರೀಸಿನ ಬಗ್ಗೆ ಬರೆಯೋಕೆ ಏನಿದೆ ಸಾರ್, ಹಚ್ಚಿದರೆ ಆಯ್ತು" ಎಂದರು. ವರ್ಕ್‌ಶಾಪಿನಲ್ಲಿ ಕೆಲಸ ಮಾಡುವ ಇನ್ನೊಬ್ಬರು ಏನೂ ಹೇಳದೆ ನಕ್ಕರು. ಆ ನಗೆಗೆ ಕಾರಣವಿದೆ, ಮುಂದೆ ಬರುತ್ತದೆ.

ಮೊದಲು ಲಂಡನ್ನಿನ ಕ್ಯಾನರಿ ವಾರ್ಫಿಗೆ ಹೋಗೋಣ. ಇಂದು ಅದು ಬ್ಯಾಂಕುಗಳ ಊರು, ಗಾಜಿನ ಗೋಪುರಗಳ ಸಾಲು. ಹಿಂದೆ ಅದು ಹಡಗುಕಟ್ಟೆ. 1802ರಲ್ಲಿ ತೆರೆದ ವೆಸ್ಟ್ ಇಂಡಿಯಾ ಡಾಕ್ಸ್ ಎಂಬ ಬಂದರಿನ ಒಂದು ಭಾಗ. ಕ್ಯಾನರಿ ದ್ವೀಪಗಳಿಂದ ಹಣ್ಣು ಬಂದಿಳಿಯುತ್ತಿದ್ದ ಕಟ್ಟೆಯಾದ್ದರಿಂದ ಈ ಹೆಸರು. 1980ರಲ್ಲಿ ಬಂದರು ಮುಚ್ಚಿತು, ಕೂಲಿಗಳ ಕೆಲಸ ಹೋಯಿತು, ನೀರಿನ ಸುತ್ತ ಖಾಲಿ ಗೋದಾಮುಗಳು ಉಳಿದವು. ಆ ಜಾಗಕ್ಕೆ ಮತ್ತೆ ಜೀವ ತುಂಬಲು 7 ಕೋಟಿ 70 ಲಕ್ಷ ಪೌಂಡಿನ ಬಜೆಟ್ಟಿನಲ್ಲಿ ಒಂದು ಪುಟ್ಟ ರೈಲು ಹಾಕಿದರು. ಅದೇ ಡಾಕ್‌ಲ್ಯಾಂಡ್ಸ್ ಲೈಟ್ ರೈಲ್ವೆ. 1987ರಲ್ಲಿ ಶುರುವಾದಾಗ ಇದ್ದದ್ದು ಹನ್ನೊಂದೇ ರೈಲು. ಚಾಲಕ ಇಲ್ಲ. ಕಂಪ್ಯೂಟರ್ ಓಡಿಸುತ್ತದೆ, ಬಾಗಿಲು ನೋಡಿಕೊಳ್ಳಲು ಒಬ್ಬ ಸಿಬ್ಬಂದಿ ಇರುತ್ತಾರೆ.

ದುಬೈ ಮೆಟ್ರೋದಲ್ಲಿ ಮುಂದಿನ ಗಾಜಿಗೆ ಮೂಗು ಒತ್ತಿ ನಿಂತ ಮಕ್ಕಳನ್ನು ದಿನಾ ನೋಡುವ ನಮಗೆ ಇದೇನೂ ಹೊಸತಲ್ಲ. ಎರಡಕ್ಕೂ ನಂಟೂ ಉಂಟು. 2009ರ ಸೆಪ್ಟೆಂಬರ್ 9ರಂದು ದುಬೈ ಮೆಟ್ರೋ ಆರಂಭವಾದಾಗ ಅದನ್ನು ನಡೆಸಲು ಬಂದ ಸರ್ಕೋ ಕಂಪನಿಯೇ ಆಗ ಲಂಡನ್ನಿನ ಈ ರೈಲನ್ನೂ ನಡೆಸುತ್ತಿತ್ತು. ಆಮೇಲೆ 2014ರಲ್ಲಿ ಅಲ್ಲಿ, 2021ರಲ್ಲಿ ಇಲ್ಲಿ, ಎರಡೂ ಕಡೆ ಕೆಲಸ ಹೋದದ್ದು ಫ್ರಾನ್ಸಿನ ಕಿಯೋಲಿಸ್ ಪಾಲುದಾರಿಕೆಯ ಕಂಪನಿಗಳಿಗೆ. ಗುತ್ತಿಗೆ ಬದಲಾದರೆ ಬೋರ್ಡು ಬದಲಾಗುತ್ತದೆ, ರಾತ್ರಿ ಪಾಳಿಯ ಕೆಲಸ ಹಾಗೇ ಇರುತ್ತದೆ ಎಂಬುದನ್ನು ನಮ್ಮವರಿಗೆ ಬಿಡಿಸಿ ಹೇಳಬೇಕಿಲ್ಲ.

ಈ ದಾರಿಯಲ್ಲಿ ಚಾಲಕನಿಲ್ಲದ ಬೋಗಿ ಓಡಿದ್ದು 1987ರಲ್ಲೇ ಮೊದಲು ಅಂದುಕೊಂಡರೆ ತಪ್ಪು. ಲಂಡನ್ ನಗರದಿಂದ ಪೂರ್ವಕ್ಕೆ ಈ ರೈಲು ಹಿಡಿಯುವ ಹಳೆಯ ಇಟ್ಟಿಗೆ ಕಮಾನುಗಳ ಸೇತುವೆ 1840ರಲ್ಲಿ ತೆರೆದ ಲಂಡನ್ ಅಂಡ್ ಬ್ಲ್ಯಾಕ್‌ವಾಲ್ ರೈಲ್ವೆಯದು. ಆ ರೈಲಿಗೆ ಎಂಜಿನ್ನೇ ಇರಲಿಲ್ಲ. ದಾರಿಯ ಎರಡು ತುದಿಗಳಲ್ಲಿ ಉಗಿಯಂತ್ರ ಕೂರಿಸಿ, ಮೈಲುಗಟ್ಟಲೆ ಹಗ್ಗದಿಂದ ಬಾವಿಯ ಕೊಡ ಸೇದಿದ ಹಾಗೆ ಬೋಗಿಗಳನ್ನು ಎಳೆಯುತ್ತಿದ್ದರು. ನಡುವಿನ ನಿಲ್ದಾಣದವರು "ನಾವು ತಯಾರು" ಎಂದು ತಂತಿಯಲ್ಲಿ ಸುದ್ದಿ ಕೊಟ್ಟ ಮೇಲೆ ಹಗ್ಗ ಹೊರಡುತ್ತಿತ್ತು. ಬೋಗಿಯಲ್ಲಿದ್ದವನ ಕೈಯಲ್ಲಿ ಬ್ರೇಕು ಮಾತ್ರ. 1849ರ ಹೊತ್ತಿಗೆ ಹಗ್ಗ ಹೋಗಿ ಎಂಜಿನ್ ಬಂತು, ಎಂಜಿನ್ ಜೊತೆ ಚಾಲಕನೂ ಬಂದ. ಸುಮಾರು ನೂರನಲವತ್ತು ವರ್ಷದ ನಂತರ ಚಾಲಕ ಮತ್ತೆ ಇಳಿದುಹೋದ. ಹಗ್ಗದ ಕಾಲದಲ್ಲೂ ಕಂಪ್ಯೂಟರ್ ಕಾಲದಲ್ಲೂ ಬಿಡದೆ ಉಳಿದವನು ಅಚ್ಚಿಗೆ ಎಣ್ಣೆ ನೋಡುವವನು.

ಅಚ್ಚಿಗೆ ಎಣ್ಣೆ ಎಂದರೆ ನಮಗೆ ನೆನಪಾಗುವುದು ಎತ್ತಿನ ಗಾಡಿ. ಹರಳೆಣ್ಣೆಗೆ ಸುಟ್ಟ ಹುಲ್ಲಿನ ಕರಿ ಕಲಸಿದ ಕೀಲೆಣ್ಣೆ, ಅದನ್ನು ತುಂಬಿ ಗಾಡಿಯ ಅಡಿಗೆ ಕಟ್ಟಿದ ಬಿದಿರಿನ ಗೊಟ್ಟ. ಎಣ್ಣೆ ಒಬ್ಬನೇ ಹರಿದುಹೋಗುತ್ತಾನೆ, ಕರಿ ಅವನನ್ನು ಹಿಡಿದಿಡುತ್ತದೆ. ಇಂದಿನ ಗ್ರೀಸಿನ ಉಪಾಯವೂ ಇದೇ. ಗ್ರೀಸ್ ಎಂದರೆ ಎಣ್ಣೆಯನ್ನು ಸ್ಪಂಜಿನಂತೆ ಹೀರಿ ಹಿಡಿದ ಒಂದು ಬಗೆಯ ಸಾಬೂನು; ಹೆಚ್ಚಿನ ಕಡೆ ಲಿಥಿಯಂ ಸಾಬೂನು. ಸಾಬೂನು ಎಣ್ಣೆಯನ್ನು ಹಿಡಿದುಕೊಂಡಿರುತ್ತದೆ, ಬೇಕಾದಷ್ಟೇ ಬಿಟ್ಟುಕೊಡುತ್ತದೆ.

ರೈಲಿನಲ್ಲಿ ಇದು ಒಮ್ಮೆಲೇ ಬಂದದ್ದಲ್ಲ. ಲಿವರ್‌ಪೂಲ್–ಮ್ಯಾಂಚೆಸ್ಟರ್ ರೈಲ್ವೆಯ ಹೆನ್ರಿ ಬೂತ್ 1835ರಲ್ಲಿ ಪೇಟೆಂಟ್ ಮಾಡಿಸಿದ ಅಚ್ಚಿನ ಗ್ರೀಸಿನಲ್ಲಿ ಇದ್ದದ್ದು ಪ್ರಾಣಿಯ ಕೊಬ್ಬು, ತಾಳೆ ಎಣ್ಣೆ, ಸೋಡಾ, ನೀರು. ಗಟ್ಟಿ ಮುದ್ದೆಯನ್ನು ಅಚ್ಚಿನ ಮೇಲಿನ ಪೆಟ್ಟಿಗೆಗೆ ತುಂಬುತ್ತಿದ್ದರು. ತೊಂದರೆ ಏನೆಂದರೆ, ಅಚ್ಚು ಬಿಸಿಯಾದ ಮೇಲೆಯೇ ಅದು ಕರಗಿ ಇಳಿಯಬೇಕು. ಜ್ವರ ಬಂದ ಮೇಲೆ ಔಷಧಿಯ ಬಾಟಲಿಯ ಮುಚ್ಚಳ ತೆರೆದ ಹಾಗೆ. ಆಮೇಲೆ ಎಣ್ಣೆಯ ಪೆಟ್ಟಿಗೆ ಬಂತು: ಕೆಳಗೆ ಎಣ್ಣೆಯಲ್ಲಿ ನೆನೆದ ನೂಲಿನ ಉಂಡೆ, ಮೇಲೆ ಅಚ್ಚನ್ನು ತಬ್ಬಿದ ಹಿತ್ತಾಳೆ. ನೂಲು ಸರಿದು ಕೂತರೆ ಅಥವಾ ಎಣ್ಣೆ ಬತ್ತಿದರೆ ಲೋಹಕ್ಕೆ ಲೋಹ ತಾಗಿ ಹೊಗೆ ಏಳುತ್ತಿತ್ತು. ರೈಲ್ವೆಯವರ ಭಾಷೆಯಲ್ಲಿ ಅದು ಹಾಟ್ ಬಾಕ್ಸ್. ಕೆನಡಾದ ಮಿಸ್ಸಿಸಾಗಾದಲ್ಲಿ 1979ರ ನವೆಂಬರ್ 10ರ ರಾತ್ರಿ ಇಂಥದೇ ಹಳೆಯ ಬಗೆಯ ಒಂದು ಅಚ್ಚು ಎಣ್ಣೆ ಸಾಲದೆ ಕಾದು ಮುರಿಯಿತು. ಕ್ಲೋರಿನ್ ಹೊತ್ತ ರೈಲು ಹಳಿ ತಪ್ಪಿ, ಎರಡು ಲಕ್ಷಕ್ಕೂ ಹೆಚ್ಚು ಜನ ಮನೆ ಬಿಟ್ಟು ಓಡಬೇಕಾಯಿತು. ಒಬ್ಬರೂ ಸಾಯಲಿಲ್ಲ, ಅದೊಂದು ಪುಣ್ಯ.

ಈಗ ಉರುಳೆ ಬೇರಿಂಗು. ಇಲ್ಲೊಂದು ಮಾತು: ನಾವು ಬೋಗಿ ಎನ್ನುವುದು ಕೂರುವ ಡಬ್ಬಿಗೆ. ರೈಲ್ವೆ ವರ್ಕ್‌ಶಾಪಿನಲ್ಲಿ ಬೋಗಿ ಎಂದರೆ ಡಬ್ಬಿಯ ಅಡಿಯಲ್ಲಿ ಗಾಲಿಗಳನ್ನು ಹಿಡಿದಿರುವ ಚೌಕಟ್ಟು. ಆ ಲೆಕ್ಕದಲ್ಲಿ ಕ್ಯಾನರಿ ವಾರ್ಫಿಗೆ ಬಹುಕಾಲ ಬಂದುಹೋದ ಜೋಡಿ ಡಬ್ಬಿಯ ಒಂದು ಗಾಡಿಗೆ ಮೂರು ಬೋಗಿ, ಆರು ಅಚ್ಚು, ಪ್ರತಿ ಅಚ್ಚಿಗೆ ಎರಡರಂತೆ ಹನ್ನೆರಡು ಬೇರಿಂಗು. ಮೂರು ಗಾಡಿ ಕೂಡಿಸಿದರೆ 36. ದುಬೈ ಮೆಟ್ರೋದ ಐದು ಡಬ್ಬಿಯ ರೈಲಿಗೆ 40. ನಾವು ರಜೆಗೆ ಹೋದಾಗ ಹತ್ತುವ 22 ಡಬ್ಬಿಯ ಎಕ್ಸ್‌ಪ್ರೆಸ್ಸಿಗೆ 176. ಇದರಲ್ಲಿ ಒಂದು ಕೈಕೊಟ್ಟರೂ ಸಾಕು.

ಉರುಳೆಗೂ ಅದರ ದಾರಿಗೂ ನಡುವೆ ನಿಲ್ಲುವ ಎಣ್ಣೆಯ ಪೊರೆ ಒಂದು ಮೈಕ್ರಾನಿನ ಆಸುಪಾಸು, ಎಷ್ಟೋ ಸಲ ಅದಕ್ಕೂ ಕಡಿಮೆ. ತಲೆಗೂದಲಿನ ದಪ್ಪದಲ್ಲಿ ಇಂಥವು ಹತ್ತಾರು ಹಿಡಿಸುತ್ತವೆ. ಟನ್ನುಗಟ್ಟಲೆ ಭಾರ ಓಡುವುದು ಆ ಪೊರೆಯ ಮೇಲೆ. ಅದರೊಳಗೆ ಮರಳಿನ ಒಂದು ಕಣ ನುಗ್ಗಿದರೆ ಗ್ರೀಸು ಸಾಣೆ ಹಿಡಿಯುವ ಮುಲಾಮಾಗುತ್ತದೆ. ಧೂಳುಗಾಳಿ ಬೀಸಿದ ಮರುದಿನ ಎಸಿ, ಪಂಪು, ಕ್ರೇನುಗಳ ಬೇರಿಂಗಿನಿಂದ ಬರುವ ಕರಕರ ಸದ್ದು ನಮ್ಮಲ್ಲಿ ಅನೇಕರಿಗೆ ಚೆನ್ನಾಗಿ ಗೊತ್ತು. ಸೀಲು ಭದ್ರವಾಗಿರುವುದು ಗ್ರೀಸು ಒಳಗೆ ಉಳಿಯಲಿ ಎಂದಷ್ಟೇ ಅಲ್ಲ, ಮರುಭೂಮಿ ಹೊರಗೇ ಉಳಿಯಲಿ ಎಂದು ಕೂಡ.

ಇನ್ನು ಆ ನಗೆಯ ಕಾರಣ. ಗ್ರೀಸು ಕಡಿಮೆಯಾದರೆ ಬೇರಿಂಗು ಕಾಯುತ್ತದೆ, ಸರಿ. ಹೆಚ್ಚಾದರೂ ಕಾಯುತ್ತದೆ. ಒಳಗಿನ ಜಾಗ ಪೂರ್ತಿ ತುಂಬಿಬಿಟ್ಟರೆ ಉರುಳೆಗಳು ಗ್ರೀಸನ್ನು ಕಡೆಯುತ್ತಲೇ ಇರಬೇಕು. ಕಡೆದಷ್ಟೂ ಶಾಖ, ಶಾಖಕ್ಕೆ ಸಾಬೂನು ಸಡಿಲವಾಗಿ ಎಣ್ಣೆ ಬೇರೆಯಾಗುತ್ತದೆ, ಒತ್ತಡಕ್ಕೆ ಸೀಲು ಬಾಯಿ ಬಿಡುತ್ತದೆ. ಅದಕ್ಕೇ ಗ್ರೀಸನ್ನು ತೂಕ ಮಾಡಿ ಹಾಕುವುದು. ನಮ್ಮ ಹಳೆಯ ಐಸಿಎಫ್ ಡಬ್ಬಿಗಳ ಒಂದೊಂದು ಆಕ್ಸಲ್ ಬಾಕ್ಸಿಗೆ, ಬೇರಿಂಗು ಯಾವ ಕಂಪನಿಯದು ಎಂದು ನೋಡಿಕೊಂಡು, 1.75ರಿಂದ 2 ಕಿಲೋದಷ್ಟು. "ಇನ್ನೊಂದು ಸ್ವಲ್ಪ ಇರಲಿ" ಎಂದು ಪ್ರೀತಿಯಿಂದ ಬಡಿಸುವುದು ಊಟದ ಎಲೆಗೆ ಸರಿ. ಗ್ರೀಸ್ ಗನ್ ಹಿಡಿದ ಹೊಸ ಹುಡುಗರು ಮೊದಲ ತಿಂಗಳಲ್ಲೇ ಕಲಿಯಬೇಕಾದದ್ದು ಎಲ್ಲಿ ನಿಲ್ಲಿಸಬೇಕು ಎಂಬುದನ್ನು.

ಕ್ಯಾನರಿ ವಾರ್ಫಿಗೆ ಹೋಗಿಬಂದವರು ಅಲ್ಲಿನ ರೈಲು ಕಿರುಚುತ್ತದೆ, ಎಣ್ಣೆ ಹಾಕಿಲ್ಲ ಎನ್ನುತ್ತಾರೆ. ಕಟ್ಟಡಗಳ ಸಂದಿಯಲ್ಲಿ ದಾರಿ ಮಾಡಿಕೊಂಡ ಆ ರೈಲಿಗೆ ತಿರುವುಗಳು ಬಲು ಚೂಪು. ತಿರುವಿನಲ್ಲಿ ಗಾಲಿ ಹಳಿಯ ಮೇಲೆ ಅಡ್ಡಕ್ಕೆ ಜಾರುತ್ತದೆ, ಕಿರುಚು ಅದರದು. ಅದಕ್ಕೆ ಬೇಕಾದದ್ದು ಹಳಿಗೂ ಗಾಲಿಯ ಅಂಚಿಗೂ ಹಚ್ಚುವ ಬೇರೆಯದೇ ಮದ್ದು. ಅಚ್ಚಿನ ಬೇರಿಂಗು ಕೆಡುವಾಗ ಹೀಗೆ ಊರಿಗೆಲ್ಲ ಕೇಳುವ ಹಾಗೆ ಕಿರುಚುವುದಿಲ್ಲ. ಗುಂಯ್ ಎನ್ನುತ್ತದೆ, ಬಿಸಿಯಾಗುತ್ತದೆ. ಕಿವಿಯೂ ಕೈಯೂ ಹತ್ತಿರ ಇದ್ದವರಿಗೆ ಮಾತ್ರ ತಿಳಿಯುತ್ತದೆ.

ಯಂತ್ರಕ್ಕೂ ತಿಳಿಯುತ್ತದೆ, ನಿಜ. ಅಮೆರಿಕದ ಒಹಾಯೋದಲ್ಲಿ 2023ರ ಫೆಬ್ರುವರಿ 3ರಂದು ಹೋಗುತ್ತಿದ್ದ ಗೂಡ್ಸ್ ರೈಲಿನ ಒಂದು ಬೇರಿಂಗನ್ನು ಹಳಿಬದಿಯ ಶಾಖಮಾಪಕಗಳು ಮೂರು ಸಲ ಅಳೆದವು. ಹೊರಗಿನ ಹವೆಗಿಂತ ಮೊದಲ ಸಲ ಸುಮಾರು 21 ಡಿಗ್ರಿ ಸೆಲ್ಸಿಯಸ್ ಹೆಚ್ಚು. ಸುಮಾರು 16 ಕಿಲೋಮೀಟರ್ ದಾಟಿದ ಮೇಲೆ 57. ಎಚ್ಚರಿಕೆ ಹೊಡೆಯಬೇಕಾದ ಮಿತಿ 94ರಷ್ಟು ಇದ್ದದ್ದರಿಂದ ಚಾಲಕರಿಗೆ ಸುದ್ದಿ ಹೋಗಲಿಲ್ಲ. ಮುಂದಿನ ಮಾಪಕ ಇದ್ದದ್ದು ಸುಮಾರು 32 ಕಿಲೋಮೀಟರ್ ಆಚೆ, ಈಸ್ಟ್ ಪ್ಯಾಲೆಸ್ಟೈನ್ ಎಂಬ ಸಣ್ಣ ಊರಿನ ಬಳಿ. ಅಲ್ಲಿ 140. ಚಾಲಕರು ನಿಲ್ಲಿಸುತ್ತಿದ್ದ ಹಾಗೇ ಅಚ್ಚು ಮುರಿಯಿತು, 38 ವ್ಯಾಗನ್ನುಗಳು ಮಗುಚಿದವು, ವಿಷದ ರಾಸಾಯನಿಕ ಉರಿದು ಊರು ಖಾಲಿ ಮಾಡಬೇಕಾಯಿತು. 21 ಇದ್ದದ್ದು 57 ಆದಾಗಲೇ ಅದು ಏರುತ್ತಿದೆ ಎಂದು ಯಾರಾದರೂ ನೋಡಿದ್ದರೆ ಎಂಬ ಪ್ರಶ್ನೆ ಉಳಿದೇ ಇದೆ. ನಮ್ಮ ಅಭಿಪ್ರಾಯದಲ್ಲಿ ಅಲ್ಲಿ ಕೊರತೆಯಾದದ್ದು ಮಾಪಕದ್ದಲ್ಲ. ಎರಡು ಅಂಕಿಗಳನ್ನು ಪಕ್ಕಪಕ್ಕ ಇಟ್ಟು ನೋಡುವ ಕಣ್ಣಿನದು.

ಆ ಕಣ್ಣು ನಮ್ಮ ಕಡೆ ಇನ್ನೂ ಪ್ಲಾಟ್‌ಫಾರಂ ಮೇಲೆ ಕಾಣಸಿಗುತ್ತದೆ. ಬೆಂಗಳೂರಿನ ಯಲಹಂಕದಲ್ಲಿ 1984ರಿಂದ ರೈಲ್ವೆಯದೇ ಕಾರ್ಖಾನೆ ಗಾಲಿ, ಅಚ್ಚು ಮಾಡುತ್ತಿದೆ. ಹುಬ್ಬಳ್ಳಿಯ, ಮೈಸೂರಿನ ವರ್ಕ್‌ಶಾಪುಗಳಿಗೆ ಬಂದ ಡಬ್ಬಿಗಳ ಗಾಲಿಗಳನ್ನು ಕಳಚಿ, ಬೇರಿಂಗು ತೊಳೆದು, ಗೀರು ಬಿದ್ದಿದೆಯೇ ಎಂದು ಬೆಳಕಿಗೆ ಹಿಡಿದು, ಹೊಸ ಗ್ರೀಸು ತುಂಬುತ್ತಾರೆ. ಅಲ್ಲಿಂದ ಹೊರಟ ಗಾಡಿ ದೊಡ್ಡ ನಿಲ್ದಾಣಕ್ಕೆ ಬರುವಾಗ ಹಳಿಯ ಎರಡೂ ಬದಿ ಇಬ್ಬರು ಕುಕ್ಕರಗಾಲಲ್ಲಿ ಕೂತಿರುತ್ತಾರೆ, ಕಣ್ಣು ಗಾಲಿಯ ಮೇಲೆ, ಕಿವಿ ಸದ್ದಿನ ಮೇಲೆ. ಗಾಡಿ ನಿಂತ ಮೇಲೆ ಒಂದೊಂದೇ ಆಕ್ಸಲ್ ಬಾಕ್ಸಿನ ಬಿಸಿ ನೋಡುತ್ತಾ ಹೋಗುತ್ತಾರೆ. ಮೊದಲು ಅಂಗೈಯ ಹಿಂಬದಿ ತಾಗಿಸಿ ನೋಡುತ್ತಿದ್ದರು, ಅಮ್ಮ ಹಣೆ ಮುಟ್ಟಿ ಜ್ವರ ನೋಡುವ ಹಾಗೆ. ಈಗ ಕೈಯಲ್ಲಿ ಪಿಸ್ತೂಲಿನಂಥ ಶಾಖಮಾಪಕ. ಒಂದು ಬಾಕ್ಸು ಪಕ್ಕದ್ದಕ್ಕಿಂತ ಬಿಸಿ ಎಂದು ಕಂಡರೆ ಅಲ್ಲೇ ನಿಂತು ಇನ್ನೊಮ್ಮೆ ಅಳೆಯುತ್ತಾರೆ. ಅನುಮಾನ ಗಟ್ಟಿಯಾದರೆ ಡಬ್ಬಿ ಕಳಚುತ್ತಾರೆ, ಜನರನ್ನು ಇಳಿಸಿ ಬೇರೆ ಕಡೆ ಕೂರಿಸುತ್ತಾರೆ, ಗಾಡಿ ತಡವಾಗುತ್ತದೆ. ಹದಿನೈದು ದಿನದ ರಜೆ ಹಾಕಿ, ವಿಮಾನ ಇಳಿದು, ಟ್ರಾಲಿ ಬ್ಯಾಗು ಹೊತ್ತು ರೈಲು ಹತ್ತಿದ ನಮ್ಮಂಥವರು ಕಿಟಕಿಯಿಂದ ತಲೆ ಹಾಕಿ ಬೈಯುವುದು ಆ ಇಬ್ಬರನ್ನೇ. ಅವರು ತಲೆ ಎತ್ತುವುದಿಲ್ಲ, ಮುಂದಿನ ಬಾಕ್ಸಿಗೆ ಹೋಗುತ್ತಾರೆ.