ಮಾರ್ಚ್‌ವರೆಗೂ ಸಂಗೀತ ಬೇಡ ಅಂದಾಗ

‘ನಿಂಗೇನಮ್ಮ, ಮನೇಲೇ ಕೂತು ಪಾಠ ಹೇಳ್ಕೊಡ್ತೀಯ, ಆರಾಮು’ ಅಂತ ಬೆಂಗಳೂರಿನ ಗೆಳತಿಯರು ಹೇಳ್ತಿರ್ತಾರೆ. ಮನೇಲೇ ಇರೋದು ನಿಜ. ಆದರೆ ನನ್ನ ವಾರದ ಟೈಮ್‌ಟೇಬಲ್ ಬರೆಯೋದು ನಾನಲ್ಲ; ಸ್ಕೂಲ್ ಬಸ್ಸು, ಟ್ಯೂಷನ್ನು, ಕರೆಂಟು ಮತ್ತು ಹಾಲಿನ ಡೇರಿ. ಹೊಳವನಹಳ್ಳಿಯಲ್ಲಿ ಸಂಜೆ ಐದೂವರೆಗೆ ಪಾಠ ಅಂದರೆ, ಡೇರಿಗೆ ಹಾಲು ಹಾಕಿ ಬರೋ ಮಕ್ಕಳು ಆರೂಕಾಲಿಗೆ ಬರ್ತಾರೆ. ಅದನ್ನು ನಾನು ಲೇಟು ಅಂತ ಲೆಕ್ಕ ಹಿಡಿಯೋದಿಲ್ಲ.

ಸೋಮವಾರ, ಬುಧವಾರ ಚಿಕ್ಕ ಮಕ್ಕಳು. ಮಾಯಾಮಾಳವಗೌಳದಲ್ಲಿ ಸರಳೆ ವರಸೆ. ಪುರಂದರದಾಸರು ಹಾಕಿಕೊಟ್ಟರು ಅಂತ ಎಲ್ಲರೂ ನಂಬೋ ಆ ಪಾಠದಿಂದಲೇ ಇವತ್ತಿಗೂ ಕರ್ನಾಟಕ ಸಂಗೀತದ ಮಕ್ಕಳು ಶುರು ಮಾಡೋದು. ಮಂಗಳವಾರ, ಗುರುವಾರ ಜೂನಿಯರ್ ಪರೀಕ್ಷೆಗೆ ಕಟ್ಟೋರು. ಶನಿವಾರ ಆನ್‌ಲೈನ್. ಫೋನಿನಲ್ಲಿ ದನಿ ತಡವಾಗಿ ಹೋಗೋದ್ರಿಂದ ಇಬ್ಬರೂ ಒಟ್ಟಿಗೆ ಹಾಡೋಕಾಗಲ್ಲ. ನಾನು ಹಾಡಿ ನಿಲ್ಲಿಸಬೇಕು, ಆಮೇಲೆ ಅವರು ಹಾಡಬೇಕು.

ರಾತ್ರಿ ಎಂಟಕ್ಕೆ ನಮ್ಮ ಮಾವನ ಪಾಳಿ. ಮಾವ ಹಾರ್ಮೋನಿಯಂ ಮೇಷ್ಟ್ರು. 1884ರಲ್ಲಿ ಶುರುವಾದ ಗುಬ್ಬಿ ಕಂಪನಿಯ ಜಿಲ್ಲೆ ನಮ್ಮದು. ಹಳ್ಳಿಗಳಲ್ಲಿ ಪೌರಾಣಿಕ ನಾಟಕದ ಹುಚ್ಚು ಇನ್ನೂ ಇಳಿದಿಲ್ಲ. ಜಗಲಿಯಲ್ಲಿ ‘ಕುರುಕ್ಷೇತ್ರ’ದ ತಾಲೀಮು. ಪಾತ್ರಕ್ಕೆ ದುಡ್ಡು ಕೊಟ್ಟು ಸೇರ್ತಾರೆ. ದುರ್ಯೋಧನ ಆಗಬೇಕಾದರೆ ಜಾಸ್ತಿ ಕೊಡಬೇಕು. ಈ ಸಲದ ಕರ್ಣ ಹಾಲಿನ ಟೆಂಪೋ ಓಡಿಸ್ತಾನೆ. ಸ್ವರ ಬರೆಯೋಕೆ ಬರಲ್ಲ, ಓದೋಕೂ ಬರಲ್ಲ. ಒಂದೇ ಒಂದು ರಾತ್ರಿಯ ಆಟಕ್ಕೆ ತಿಂಗಳುಗಟ್ಟಲೆ ಬಂದು ಕಂದಪದ್ಯ ಕಲೀತಾನೆ. ಆಲ್ ಇಂಡಿಯಾ ರೇಡಿಯೊ 1940ರಲ್ಲಿ ಹಾರ್ಮೋನಿಯಂ ಬೇಡ ಅಂತ ನಿಷೇಧಿಸಿತ್ತಂತೆ ಅಂದರೆ ಮಾವ ನಗ್ತಾರೆ. ‘ರೇಡಿಯೊಗೆ ಬೇಡವಾಯ್ತು ಕಣಮ್ಮ, ನಮ್ಮ ಕರ್ಣನಿಗೆ ಬೇಕಲ್ಲ!’

ಹೋದ ಮಂಗಳವಾರ ಪಾಠ ಮುಗಿದ ಮೇಲೆ ಒಬ್ಬ ತಾಯಿ ಬಾಗಿಲಲ್ಲೇ ನಿಂತರು. ‘ಬೇಜಾರು ಮಾಡ್ಕೋಬೇಡಿ ಮಿಸ್. ಇವಳು ಈ ವರ್ಷ ಟೆಂತು. ಮಾರ್ಚ್‌ವರೆಗೂ ಸಂಗೀತ ನಿಲ್ಲಿಸೋಣ ಅಂತ ಇವರಪ್ಪ ಅಂದ್ರು.’ ಹುಡುಗಿ ಚಪ್ಪಲಿ ನೋಡ್ತಾ ನಿಂತಿದ್ದಳು. ಐದು ವರ್ಷದಿಂದ ಬರ್ತಿದ್ದಾಳೆ, ಈಗಷ್ಟೇ ವರ್ಣಕ್ಕೆ ಕೈ ಹಾಕಿದ್ದೀವಿ. ನನ್ನ ಹತ್ತು ವರ್ಷದ ಪಾಠದಲ್ಲಿ ಟೆಂತಿಗೆ ಅಂತ ನಿಲ್ಲಿಸಿದೋರಲ್ಲಿ ವಾಪಸ್ ಬಂದೋರು ಇಬ್ಬರೇ. ಟೆಂತ್ ಆದಮೇಲೆ ಪಿಯುಸಿ, ಅದಾದಮೇಲೆ ಸಿಇಟಿ. ಮಾರ್ಚ್ ಮುಗಿಯೋದೇ ಇಲ್ಲ.

ಆ ತಾಯಿಯ ಭಯವೂ ಸುಳ್ಳಲ್ಲ. ಮಾರ್ಕ್ಸ್ ಬಂದರೆ ತುಮಕೂರಲ್ಲಿ ಒಳ್ಳೆ ಕಾಲೇಜು, ಬರದಿದ್ದರೆ ಮದುವೆ ಮಾತು ಶುರುವಾಗೋ ಮನೆ. ಅದಕ್ಕೇ ‘ಸಂಗೀತ ದೊಡ್ಡದು’ ಅಂತ ಭಾಷಣ ಮಾಡಲಿಲ್ಲ. ‘ವಾರಕ್ಕೊಂದು ದಿನ ಕಳಿಸಿ. ಮನೇಲಿ ದಿನಾ ಇಪ್ಪತ್ತು ನಿಮಿಷ ಸಾಕು’ ಅಂದೆ. ಐದು ನಿಮಿಷ ತಂಬೂರಿ ಆ್ಯಪ್ ಹಾಕ್ಕೊಂಡು ಬರೀ ಷಡ್ಜ. ಐದು ನಿಮಿಷ ಒಂದೇ ಒಂದು ಜಂಟಿ ವರಸೆ, ಮೂರು ಕಾಲದಲ್ಲಿ. ತಾಳದ ವೇಗ ಬದಲಾಗಬಾರದು. ಒಂದು ಎಣಿಕೆಗೆ ಮೊದಲು ಒಂದು ಸ್ವರ, ಆಮೇಲೆ ಎರಡು, ಆಮೇಲೆ ನಾಲ್ಕು. ಉಳಿದ ಹತ್ತು ನಿಮಿಷ ವರ್ಣ. ‘ಅವರನ್ನ ಕೇಳಿ ಹೇಳ್ತೀನಿ ಮಿಸ್’ ಅಂದು ಹೋದರು.

ಅದೇ ರಾತ್ರಿ ಊಟಕ್ಕೆ ಕೂತಾಗ ನಮ್ಮೆಜಮಾನರು ಅದೇ ಪ್ರಶ್ನೆ ತೆಗೆದರು. ಮಗ ಒಂಬತ್ತನೇ ಕ್ಲಾಸು, ಭಾನುವಾರ ಬಸ್ಸಲ್ಲಿ ತುಮಕೂರಿಗೆ ಹೋಗಿ ಮೃದಂಗ ಕಲೀತಾನೆ. ‘ಮುಂದಿನ ವರ್ಷ ಏನ್ ಮಾಡೋಣ? ಹೋಗಿ ಬರೋದಕ್ಕೇ ಅರ್ಧ ದಿನ ಹೋಗುತ್ತೆ.’ ಬೇರೆಯವರ ಮನೆಗೆ ಹೇಳೋದು ಸುಲಭ. ನಮ್ಮನೆ ಗಣಿತದ ಮಾರ್ಕ್ಸು ನನಗೂ ಗೊತ್ತು. ಮಗನನ್ನೇ ಕೇಳಿದ್ವಿ. ‘ನಿಲ್ಸಿದ್ರೆ ಆ ಟೈಮಲ್ಲಿ ನಾನೇನು ಗಣಿತ ಮಾಡಲ್ಲಮ್ಮ, ಮೊಬೈಲ್ ನೋಡ್ತೀನಿ’ ಅಂದ. ಮಾವ ಮಜ್ಜಿಗೆ ಲೋಟ ಕೆಳಗಿಟ್ಟು, ‘ನಿಜ ಹೇಳ್ದ ನೋಡು’ ಅಂದರು. ಕೊನೆಗೆ ಹದಿನೈದು ದಿನಕ್ಕೊಂದು ಸಲ ತುಮಕೂರು, ಮಧ್ಯೆ ಮನೇಲಿ ಅಭ್ಯಾಸ ಅಂತ ಒಪ್ಪಂದವಾಯ್ತು. ಗಣಿತಕ್ಕೆ ಟ್ಯೂಷನ್ನೂ ಸೇರಿಸಿದ್ವಿ.

ಇದನ್ನು ಓದ್ತಿರೋ ನಿಮ್ಮಲ್ಲೂ ಎಷ್ಟೋ ಜನ ಟೆಂತಿಗೆ ನಿಲ್ಲಿಸಿ, ಈಗ ಮೆಟ್ರೋದಲ್ಲಿ ಇಯರ್‌ಫೋನ್ ಹಾಕ್ಕೊಂಡು ಹಾಡು ಕೇಳ್ತಿರಬಹುದು. ಈ ವಯಸ್ಸಲ್ಲಿ ಶುರು ಮಾಡಬಹುದಾ ಅಂತ ಕೇಳೋರಿಗೆ ನಾನು ಹೇಳೋದೂ ಅದೇ ಇಪ್ಪತ್ತು ನಿಮಿಷದ ಲೆಕ್ಕ. ವೀಕೆಂಡಲ್ಲಿ ಎರಡು ಗಂಟೆ ಕೂರೋಕಿಂತ ದಿನಾ ಸ್ವಲ್ಪ ಹಾಡಿದರೆ ಗಂಟಲು ಬೇಗ ಮಾತು ಕೇಳುತ್ತೆ. ನಮ್ಮ ಕರ್ಣ ಟೆಂಪೋ ಓಡಿಸ್ತಾ ಓಡಿಸ್ತಾನೇ ಅರ್ಧ ಪದ್ಯ ಬಾಯಿಪಾಠ ಮಾಡಿದ್ದು.

ಶುಕ್ರವಾರ ಆ ತಾಯಿ ಫೋನ್ ಮಾಡಿದರು. ಹುಡುಗಿಯ ಅಪ್ಪ ಸಂಕ್ರಾಂತಿವರೆಗೂ ಒಪ್ಪಿದ್ದಾರಂತೆ, ಗುರುವಾರ ಮಾತ್ರ. ಆಮೇಲಿಂದು ಆಮೇಲೆ ನೋಡೋಣ ಅಂದೆ. ಅಷ್ಟರೊಳಗೆ ವರ್ಣದ ಚರಣ ಮುಗಿಸಬೇಕು.