ನಕಾಶೆಯಲ್ಲಿ ಎರಡು ಬೆರಳಿನ ದೂರ



ಶರಣರ ಚರಿತ್ರೆಯನ್ನೋ ಹಬ್ಬಹರಿದಿನಗಳ ಆಚರಣೆಯನ್ನೋ ಕುರಿತು ಬರೆಯುವುದು ಈ ಅಂಕಣದ ರೂಢಿ. ಈ ತಿಂಗಳು ಮೊಬೈಲಿನೊಳಗಿನ ನಕಾಶೆಯ ವಿಚಾರ ಬರೆಯುತ್ತಿದ್ದೇನೆಂದರೆ ಕೆಲವು ಹಿರಿಯರಿಗೆ ವಿಚಿತ್ರವೆನಿಸೀತು. ಬರೆಯಲು ಕಾರಣವಿದೆ, ಆ ಕಾರಣದಲ್ಲಿ ನನ್ನ ತಪ್ಪೂ ಸೇರಿದೆ.

ಕಳೆದ ಶ್ರಾವಣದಲ್ಲಿ ನನ್ನ ಅಕ್ಕ ರಬಕವಿಯಿಂದ ಮೊಮ್ಮಗನೊಡನೆ ಹೊಸಹಳ್ಳಿಯ ನಮ್ಮ ಮನೆಗೆ ಬಂದಿದ್ದರು. ಎಪ್ಪತ್ತೆಂಟರ ವಯಸ್ಸು, ಮಂಡಿನೋವು, ಜೊತೆಗೆ ಸಕ್ಕರೆ ಕಾಯಿಲೆ. ಇದ್ದದ್ದು ಒಂದೇ ಹಗಲು. ಮರುದಿನ ಬೆಳಗಿನ ಗಾಡಿಗೆ ಹಿಂದಿರುಗಬೇಕು. ಆಕೆಯ ಬಾಲ್ಯದ ಗೆಳತಿಯೊಬ್ಬರು ಬಸವೇಶ್ವರನಗರದಲ್ಲಿ ಹಾಸಿಗೆ ಹಿಡಿದಿದ್ದರು. ಒಂದೇ ಊರಿನಲ್ಲಿ ಹುಟ್ಟಿ, ಒಂದೇ ಗುರುಗಳಿಂದ ಲಿಂಗದೀಕ್ಷೆ ಪಡೆದವರು. ಅವರನ್ನು ನೋಡಬೇಕೆಂಬುದು ಅಕ್ಕನ ಮುಖ್ಯ ಆಸೆ. ಉಳಿದ ಹೊತ್ತಿನಲ್ಲಿ ನಗರದ ನಾಲ್ಕು ಸ್ಥಳಗಳನ್ನು ಕಂಡು ಬರುವುದೆಂದು ಮಾತಾಯಿತು.

ಮೊಮ್ಮಗ ಜಾಣ. ರಾತ್ರಿ ಹತ್ತು ಗಂಟೆಗೆ ನಕಾಶೆ ತೆರೆದು ಒಂದೊಂದೇ ಸ್ಥಳಕ್ಕೆ ಗುರುತು ಹಾಕಿದ. ಹಲಸೂರಿನ ಸೋಮೇಶ್ವರ, ವಿಧಾನಸೌಧದ ಬಳಿ 2023ರ ಮಾರ್ಚಿಯಲ್ಲಿ ಅನಾವರಣಗೊಂಡ ಬಸವೇಶ್ವರ ಪ್ರತಿಮೆ, ಕಾಟನ್‌ಪೇಟೆಯ ಬೇಲಿಮಠ, ದೊಡ್ಡ ಬಸವನ ಗುಡಿ. (ಇಷ್ಟಲಿಂಗಧಾರಿಗಳಿಗೆ ಗುಡಿ ಸುತ್ತುವ ಕೆಲಸವೇನೆಂದು ಕೇಳುವವರಿದ್ದಾರೆ. ಆ ಚರ್ಚೆ ಬೇರೆ. ಅಕ್ಕನಿಗೆ ಬಸವಣ್ಣನ ಆ ದೊಡ್ಡ ಮೂರ್ತಿಯನ್ನು ಕಣ್ತುಂಬ ನೋಡುವ ಬಯಕೆಯಿತ್ತು.) ಪರದೆಯ ಮೇಲೆ ಎಲ್ಲವೂ ಅಂಗೈ ಅಗಲದೊಳಗೆ ಕಂಡಿತು. ಅಲ್ಲಿಯೇ ಕುಳಿತಿದ್ದ ನಾನು, ‘ಗವಿಪುರವೂ ಪಕ್ಕದಲ್ಲಿಯೇ ಇದೆಯಲ್ಲ, ಗಂಗಾಧರೇಶ್ವರನ ಗುಹಾಲಯವನ್ನೂ ಸೇರಿಸು’ ಎಂದೆ. ಹುಡುಗ ಸೇರಿಸಿದ. ಗೆಳತಿಯ ಮನೆ ಹೊಸಹಳ್ಳಿಗೆ ಹತ್ತಿರ, ನಕಾಶೆಯಲ್ಲಿ ಎರಡು ಬೆರಳಿನ ದೂರ; ಹಿಂದಿರುಗುವಾಗ ಹೋದರಾಯಿತೆಂದು ಅದನ್ನು ಕೊನೆಗಿಟ್ಟೆವು.

ಯಂತ್ರ ಹೇಳಿದ ಕಾಲ ಸುಳ್ಳಲ್ಲ. ರಾತ್ರಿ ಹತ್ತರ ರಸ್ತೆಗೆ ಅದು ಸರಿಯಾದ ಲೆಕ್ಕವೇ. ರಸ್ತೆಯ ಮೇಲೆ ಕಾಣುವ ಹಸಿರು, ಕೆಂಪು ಬಣ್ಣಗಳು ಆ ಕ್ಷಣದಲ್ಲಿ ಅಲ್ಲಿ ಸಾಗುತ್ತಿರುವ ಮೊಬೈಲುಗಳ ವೇಗದಿಂದ ತಿಳಿದುಬರುವಂಥವು; ಗಾಡಿಗಳು ತೆವಳತೊಡಗಿದರೆ ಗೆರೆ ಕೆಂಪಾಗುತ್ತದೆ. ನಾಳೆ ಬೆಳಗಿನ ಒಂಬತ್ತಕ್ಕೆ ಹೊರಟರೆ ಎಷ್ಟು ಹೊತ್ತು ಬೇಕೆಂದು ಕೇಳುವ ಅವಕಾಶವೂ ಅದರಲ್ಲಿದೆ. ಹೊರಡುವ ವೇಳೆಯನ್ನು ತಿದ್ದಿ ಕೊಟ್ಟರೆ ಹಿಂದಿನ ದಿನಗಳ ಅನುಭವದಿಂದ ಅಂದಾಜು ಹೇಳುತ್ತದೆ. ನಾವು ಕೇಳಲಿಲ್ಲ.

ಅಕ್ಕ ಸ್ನಾನ ಮಾಡಿ ಲಿಂಗಪೂಜೆ ಮುಗಿಸದೆ ಹನಿ ನೀರನ್ನೂ ಮುಟ್ಟುವವರಲ್ಲ. ಪೂಜೆಗೆ ಮುಕ್ಕಾಲು ಗಂಟೆ, ಪ್ರಸಾದಕ್ಕೆ ಅರ್ಧ ಗಂಟೆ. ಇದು ಯಾವ ಯಂತ್ರಕ್ಕೆ ತಿಳಿದೀತು? ಏಳಕ್ಕೆಂದು ಬರೆದಿದ್ದ ಪ್ರಯಾಣ ಒಂಬತ್ತೂಕಾಲಿಗೆ ಆರಂಭವಾಯಿತು. ಬಾಡಿಗೆ ಕಾರು ಮಾಗಡಿ ರಸ್ತೆಯಲ್ಲಿಯೇ ಅರ್ಧ ಗಂಟೆ ನಿಂತಿತು. ಬಸವನಗುಡಿಗೆ ಹೋಗುವ ವೇಳೆಗೆ ಮಧ್ಯಾಹ್ನ. ಗುಡಿಗಳು ಬಾಗಿಲು ಹಾಕುವ ಹೊತ್ತು. ಸಂಜೆಯವರೆಗೆ ಕಾದೆವು. ಗವಿಪುರದಲ್ಲಿ, ನಾನು ಹಟದಿಂದ ಸೇರಿಸಿದ್ದ ಆ ಸ್ಥಳದಲ್ಲಿ, ಬಾಗಿ ನಡೆಯಬೇಕಾದ ಗುಹೆಯ ಹಾದಿಯನ್ನು ಕಂಡು ಅಕ್ಕ ಹೊರಗೇ ಕುಳಿತುಬಿಟ್ಟರು. ಬಸವೇಶ್ವರನಗರ ತಲಪಿದಾಗ ರಾತ್ರಿ ಎಂಟೂವರೆ. ಆ ಹಿರಿಯಮ್ಮನವರು ಔಷಧಿ ತೆಗೆದುಕೊಂಡು ನಿದ್ದೆಹೋಗಿದ್ದರು. ಎಬ್ಬಿಸುವುದು ಬೇಡವೆಂದು ಅಕ್ಕನೇ ತಡೆದರು. ಬಾಗಿಲ ಬಳಿ ಹತ್ತು ನಿಮಿಷ ನಿಂತು, ತಂದಿದ್ದ ಕರದಂಟಿನ ಪೊಟ್ಟಣವನ್ನು ಸೊಸೆಯ ಕೈಗಿತ್ತು ಬಂದರು.

ಕಾರ್ತಿಕದಲ್ಲಿ ಆ ತಾಯಿ ಲಿಂಗೈಕ್ಯರಾದರು. ದೂರವಾಣಿಯಲ್ಲಿ ಸುದ್ದಿ ತಿಳಿಸಿದಾಗ ಅಕ್ಕ ಆಡಿದ್ದು ಒಂದೇ ಮಾತು: ‘ಮೊದಲು ಅಲ್ಲಿಗೇ ಹೋಗಬೇಕಿತ್ತು, ತಮ್ಮಾ.’

ಅಂದಿನಿಂದ ನಾನು ಈ ನಕಾಶೆಯನ್ನು ಹಟ ಹಿಡಿದು ಕಲಿತಿದ್ದೇನೆ. ಮಠದಲ್ಲಿ ಓದುತ್ತಿದ್ದಾಗ ಯುಗಾದಿಗೆ ಮುಂಚೆ ಶ್ರೀಶೈಲಕ್ಕೆ ಕಂಬಿ ಹೊತ್ತು ನಡೆದು ಹೋಗುತ್ತಿದ್ದ ಭಕ್ತರನ್ನು ನೋಡುತ್ತಿದ್ದೆ. ಅವರ ಗುಂಪಿನ ಹಿರಿಯರಿಗೆ ದಾರಿಯೆಂಬುದು ಗೆರೆಯಾಗಿರಲಿಲ್ಲ. ಇಲ್ಲಿ ನೀರಿದೆ, ಅಲ್ಲಿ ದಾಸೋಹವಿದೆ, ಈ ಏರಿನಲ್ಲಿ ಮುದುಕರು ನಿಧಾನವಾಗಿ ಹತ್ತಬೇಕು, ಈ ಆಲದ ಮರ ದಾಟುವುದರೊಳಗೆ ಬಿಸಿಲೇರಬಾರದು ಎಂಬ ತಿಳಿವಳಿಕೆಯೇ ಅವರ ದಾರಿ. ಯಾರು ನಡೆಯುತ್ತಾರೆಂಬುದನ್ನು ನೋಡಿ ಹಾದಿ ಗೊತ್ತುಮಾಡುತ್ತಿದ್ದರು. ನಕಾಶೆಗೆ ಸ್ಥಾವರವೆಲ್ಲ ಗೊತ್ತು. ಜಂಗಮದ ಪಾಲಿಗೆ ಅದರಲ್ಲಿರುವುದು ಒಂದು ನೀಲಿ ಚುಕ್ಕಿ. ಆ ಚುಕ್ಕಿಯೂ ಕನಿಷ್ಠ ನಾಲ್ಕು ಉಪಗ್ರಹಗಳ ಸಂಕೇತ ಸಿಕ್ಕಿದರೆ ಮಾತ್ರ ನೆಟ್ಟಗೆ ನಿಲ್ಲುತ್ತದೆ. ನಮ್ಮ ಮೆಟ್ರೋ ಗಾಡಿ ಮಾಗಡಿ ರಸ್ತೆ ನಿಲ್ದಾಣ ದಾಟಿ ಸುರಂಗಕ್ಕಿಳಿದೊಡನೆ ಅದು ದಿಕ್ಕುಗೆಟ್ಟ ಕರುವಿನಂತೆ ಅಲೆಯುವುದನ್ನು ನಾನೇ ಕಂಡಿದ್ದೇನೆ.

ನಕಾಶೆಯ ಕೆಲಸ ಈ ಊರಿಗೆ ಹೊಸದೇನಲ್ಲ. ವಿಲಿಯಂ ಲ್ಯಾಂಬ್ಟನ್ನನು 1800ರಲ್ಲಿ ಬೆಂಗಳೂರಿನ ಸಮೀಪದ ನೆಲದ ಮೇಲೆ ಉಕ್ಕಿನ ಸರಪಳಿ ಹಾಸಿ ಆಧಾರರೇಖೆಯನ್ನು ಅಳೆದಿದ್ದ. ಬೀದಿಗಳ ಚಿತ್ರ ತೆಗೆಯಲು ಕ್ಯಾಮೆರಾ ಹೊತ್ತ ಕಾರುಗಳು 2011ರಲ್ಲಿ ಇಲ್ಲಿ ಸಂಚರಿಸತೊಡಗಿದಾಗ ಪೊಲೀಸರು ಭದ್ರತೆಯ ಕಾರಣದಿಂದ ತಡೆದಿದ್ದರು. 2022ರ ಜುಲೈಯಲ್ಲಿ ಆ ಸೌಕರ್ಯ ಮತ್ತೆ ಬಂದಿತು. ಹಿರಿಯರಿರುವ ಮನೆಯವರಿಗೆ ಅದು ಬಹಳ ಉಪಯುಕ್ತ. ಹೋಗಬೇಕಾದ ಬಾಗಿಲ ಮುಂದೆ ಮೆಟ್ಟಿಲಿದೆಯೆ, ಗಾಡಿ ನಿಲ್ಲಲು ಜಾಗವಿದೆಯೆ, ರಸ್ತೆ ದಾಟಬೇಕೆ ಎಂಬುದನ್ನು ಮನೆಯಲ್ಲಿ ಕುಳಿತೇ ನೋಡಬಹುದು.

ಹೆಸರಿನ ವಿಷಯದಲ್ಲಿ ಮಾತ್ರ ಎಚ್ಚರ ಬೇಕು. ನಮ್ಮ ನಾಡಿನಲ್ಲಿ ಹೊಸಹಳ್ಳಿಗಳಿಗೆ ಲೆಕ್ಕವಿಲ್ಲ. ಬರಿದೇ ‘ಹೊಸಹಳ್ಳಿ’ ಎಂದು ಹುಡುಕಿದ ಬಂಧುಗಳೊಬ್ಬರಿಗೆ ಶಿವಮೊಗ್ಗದ ಬಳಿ ತುಂಗೆಯ ದಡದಲ್ಲಿರುವ, ಗಮಕಕ್ಕೆ ಹೆಸರಾದ ಹೊಸಹಳ್ಳಿ ಎದುರಾಯಿತು! ವಿಜಯನಗರದ ಹೆಸರನ್ನು ಜೊತೆಗೆ ಬರೆಯಬೇಕು. ಮೆಟ್ರೋ ನಿಲ್ದಾಣದ ಫಲಕದ ಮೇಲೆ ಶ್ರೀ ಬಾಲಗಂಗಾಧರನಾಥ ಸ್ವಾಮೀಜಿಯವರ ಹೆಸರು ಮೊದಲು, ಹೊಸಹಳ್ಳಿ ಆಮೇಲೆ. ಊರಿನಿಂದ ಬರುವವರಿಗೆ ಇದನ್ನು ಮುಂಚೆಯೇ ತಿಳಿಸಿಡಿ. 2024ರ ಆಗಸ್ಟಿನಲ್ಲಿ ಕೇಂದ್ರ ಸರ್ಕಾರ ಒಪ್ಪಿದ ಮೂರನೆಯ ಹಂತದಲ್ಲಿ ಹೊಸಹಳ್ಳಿಯಿಂದ ಮಾಗಡಿ ರಸ್ತೆಯಗುಂಟ ಕಡಬಗೆರೆಯವರೆಗೆ 12.5 ಕಿಲೋಮೀಟರಿನ ಮಾರ್ಗವೂ ಇದೆ. ಅದು ಮುಗಿದರೆ ಇಲ್ಲಿಯ ಗುರುತುಗಳು ಮತ್ತೆ ಬದಲಾಗುತ್ತವೆ. ಗುಡಿ, ಮಠಗಳ ವೇಳೆಯನ್ನು ನಕಾಶೆಯಲ್ಲಿ ನೋಡಿದರೂ ಒಮ್ಮೆ ದೂರವಾಣಿ ಮಾಡಿ ಕೇಳುವುದು ಲೇಸು.

ಮತ್ತೊಂದು ಪಾಠ: ಕಾರಿನ ಗುರುತನ್ನೇ ಒತ್ತಬೇಕೆಂದಿಲ್ಲ. ರೈಲು, ಬಸ್ಸುಗಳ ಗುರುತನ್ನು ಒತ್ತಿದ್ದರೆ ನಮಗೆ ಅಂದೇ ತಿಳಿಯುತ್ತಿತ್ತು: ಹೊಸಹಳ್ಳಿಯಲ್ಲಿ ಹತ್ತಿದರೆ ಗಾಡಿ ಬದಲಿಸದೆ ಒಂಬತ್ತನೆಯ ನಿಲ್ದಾಣವೇ ಹಲಸೂರು. ಮೆಜೆಸ್ಟಿಕ್‌ನಲ್ಲಿ ಹಸಿರು ಮಾರ್ಗಕ್ಕೆ ಬದಲಿಸಿದರೆ ಮೂರನೆಯದು ನ್ಯಾಷನಲ್ ಕಾಲೇಜು; ಅಲ್ಲಿಂದ ದೊಡ್ಡ ಬಸವನ ಗುಡಿಗೆ ಆಟೋ ಹಿಡಿಯಬಹುದು. ನಿಲ್ದಾಣಗಳಲ್ಲಿ ಲಿಫ್ಟುಗಳಿವೆ. ಹೆಣ್ಣುಮಕ್ಕಳಿಗೆ ನಗರದ ಸಾಮಾನ್ಯ ಬಸ್ಸುಗಳಲ್ಲಿ 2023ರ ಜೂನ್‌ 11ರಂದು ಉಚಿತ ಪ್ರಯಾಣ ಆರಂಭವಾದುದು ಎಲ್ಲರಿಗೂ ಗೊತ್ತೇ ಇದೆ.

ಮಾರ್ಗಶಿರದಲ್ಲಿ ಅಕ್ಕ ಮತ್ತೆ ಬಂದರು, ಗೆಳತಿಯ ಮಕ್ಕಳನ್ನು ಕಂಡು ಮಾತಾಡಿಸಲು. ಈ ಸಲ ನಕಾಶೆ ತೆರೆದವನು ನಾನು. ಹುಡುಗ ಪಕ್ಕದಲ್ಲಿ ಕುಳಿತು ನನ್ನ ತಪ್ಪುಗಳನ್ನು ತಿದ್ದುತ್ತಿದ್ದ. ಮೊದಲು ಎಲ್ಲಿಗೆಂದು ಅಕ್ಕನನ್ನೇ ಕೇಳಿದೆವು. ಅವರು ಕನ್ನಡಕ ಸರಿಪಡಿಸಿಕೊಂಡು, ಬೆರಳಿನಿಂದ ಪರದೆಯನ್ನು ಎಳೆದೆಳೆದು, ಬಸವೇಶ್ವರನಗರದ ಆ ಬೀದಿಯನ್ನು ತಾವೇ ಹುಡುಕಿ ತೆಗೆದರು. ಹೊರಡುವ ವೇಳೆ ಹತ್ತು ಗಂಟೆ, ಪೂಜೆ ಪ್ರಸಾದಗಳ ಬಳಿಕ. ಎರಡನೆಯ ಸ್ಥಳವನ್ನು ಸೇರಿಸಲೇ ಎಂದು ಹುಡುಗ ಕೇಳಿದ. ‘ಅಲ್ಲಿಂದ ಎದ್ದ ಮೇಲೆ ನೋಡೋಣ’ ಎಂದರು. ಸಂಜೆ ಐದರವರೆಗೂ ಅವರು ಅಲ್ಲಿಂದ ಏಳಲಿಲ್ಲ.