ಪೈಲವಾನನ ಬಾಲ

ಭಾನುವಾರ ಸಂಜೆ ಆರರ ಸುಮಾರಿಗೆ ಬೇಡಕಿಹಾಳದ ನಮ್ಮ ಮನೆಗೆ ಒಂದು ಫೋನ್ ಬರುತ್ತದೆ. ವಸತಿ ಶಾಲೆಯಲ್ಲಿರುವ ಅಣ್ಣನ ಮಗನದು. ಒಬ್ಬೊಬ್ಬ ಹುಡುಗನಿಗೆ ಐದೇ ನಿಮಿಷ. ಅಪ್ಪ-ಅವ್ವನ ಜೊತೆ ಎರಡು, ಆಯಿ ಜೊತೆ ಒಂದು, ಉಳಿದ ಎರಡು ನಿಮಿಷ ನನ್ನ ಜೊತೆ. ಅವೂ ನನಗಲ್ಲ, ಮೀನಿಗೆ.

"ಕಾಕಾ, ಪೈಲವಾನ ಹ್ಯಾಂಗ ಅದಾನ?"

"ಆರಾಮ ಅದಾನ" ಅಂತ ಡಿಸೆಂಬರಿನಲ್ಲಿ ನಾನು ಎರಡು ಭಾನುವಾರ ಸುಳ್ಳು ಹೇಳಿದೆ.

ಪೈಲವಾನ ಅಂದರೆ ಒಂದು ನೀಲಿ ಬೆಟ್ಟಾ ಮೀನು. ಅಂಗಡಿಗಳಲ್ಲಿ ಫೈಟರ್ ಅಂತಾರೆ. ಕುಸ್ತಿ ಕಣಗಳ ಸೀಮೆಯ ಹುಡುಗ, ಫೈಟರ್ ಅಂದ ಕೂಡಲೇ ಪೈಲವಾನ ಅಂತ ಹೆಸರಿಟ್ಟ. ಬೆಟ್ಟಾ ಅಂತ ನಾನು ಅಂದಾಗ ಅವ್ವ, "ಬೆಟ್ಟ ಅಂದ್ರ ಗುಡ್ಡ ಅಲ್ಲೇನೋ? ಹೆಬ್ಬೆರಳಷ್ಟಿಲ್ಲ, ಇದಕ್ಕ ಬೆಟ್ಟ ಅಂತ ಹೆಸರ!" ಅಂದಿದ್ದಳು. ಇಚಲಕರಂಜಿಯ ಅಂಗಡಿಯೊಂದರಲ್ಲಿ 120 ರೂಪಾಯಿ ಕೊಟ್ಟು ತಂದದ್ದು. ಜೊತೆಗೆ ಎರಡು ಲೀಟರಿನ ಗಾಜಿನ ಬೌಲ್, ಬಣ್ಣದ ಕಲ್ಲು, ಒಂದು ಪ್ಲಾಸ್ಟಿಕ್ ಗಿಡ.

ಶಾಲೆಗೆ ಹೋಗುವ ಮುಂಚೆ ಹುಡುಗ ಒಂದು ಚೀಟಿ ಬರೆದು ಅಂಟಿಸಿ ಹೋದ. ದಿನಾ ಎರಡು ಹೊತ್ತು ಎರಡೆರಡು ಕಾಳು. ನೀರು ಹೊಲಸಾದರೆ ಬದಲಿಸು. ಮೂರನೆಯದು, ಅಡ್ಡಗೆರೆ ಎಳೆದು: "ಕಪಾಟಿನ ಕನ್ನಡಿ ಮುಂದಿಂದ ಸರಸಬ್ಯಾಡ ಕಾಕಾ." ನಾನು ಮನೆಯಿಂದಲೇ ಕೆಲಸ ಮಾಡುವವನು, ಅದೇ ಕೋಣೆಯಲ್ಲಿ ಲ್ಯಾಪ್‌ಟಾಪ್. ಮೂರೂ ಪಾಲಿಸಿದೆ. ಮಳೆಗಾಲ ಕಳೆಯಿತು, ದಸರೆ ದೀಪಾವಳಿ ಆದವು. ಕಬ್ಬಿನ ಟ್ರ್ಯಾಕ್ಟರುಗಳು ರಸ್ತೆ ತುಂಬಿಕೊಳ್ಳುವ ಹೊತ್ತಿಗೆ ಪೈಲವಾನ ಮಲಗಿಬಿಟ್ಟ.

ಮಲಗಿದ ಅಂದರೆ ಅಕ್ಷರಶಃ. ಬೌಲಿನ ತಳದ ಕಲ್ಲಿನ ಮೇಲೆ ಒಂದು ಪಕ್ಕೆಗೆ ವಾಲಿಕೊಂಡು, ಆಗೊಮ್ಮೆ ಈಗೊಮ್ಮೆ ಕಷ್ಟಪಟ್ಟು ಮೇಲೆ ಬಂದು ಗಾಳಿ ಗುಟುಕರಿಸಿ ಮತ್ತೆ ಕೆಳಗೆ. ಸೀರೆಯ ಸೆರಗಿನಂತೆ ಹರಡುತ್ತಿದ್ದ ಬಾಲ ಚಿಂದಿ ಚಿಂದಿ.

ಮುಂದೆ ನಾನು ಮಾಡಿದ್ದನ್ನು ಯಾವ ಜೂನಿಯರ್ ಮಾಡಿದ್ದರೂ ಚೆನ್ನಾಗಿ ಬೈಯುತ್ತಿದ್ದೆ. ಏನು ತಪ್ಪಾಗಿದೆ ಅಂತ ನೋಡದೆ ಒಂದೇ ದಿನ ಐದು ಬದಲಾವಣೆ. ನೀರು ಪೂರ್ತಿ ಚೆಲ್ಲಿದೆ. ಕಲ್ಲುಗಳನ್ನು ಪಾತ್ರೆ ತಿಕ್ಕುವ ಸಾಬೂನಿನಿಂದ ತೊಳೆದೆ. ಅವತ್ತು ಬೋರಿನ ನೀರಿರಲಿಲ್ಲ, ಪಂಚಾಯ್ತಿ ನಳದ ನೀರನ್ನು, ಬ್ಲೀಚಿಂಗ್ ಪೌಡರಿನ ವಾಸನೆ ಹೊಡೆಯುತ್ತಿದ್ದದ್ದನ್ನೇ, ಹಾಗೇ ತುಂಬಿದೆ. ಅಂಗಡಿಯವನು ಫೋನಿನಲ್ಲಿ ಹೇಳಿದ ನೀಲಿ ಔಷಧ ಹಾಕಿದೆ. ಶಕ್ತಿ ಬರಲಿ ಅಂತ ನಾಲ್ಕು ಕಾಳು ಹೆಚ್ಚಿಗೆ ಹಾಕಿದೆ. ಅದು ತಿನ್ನಲಿಲ್ಲ. ಕಾಳು ಅಲ್ಲೇ ಕೊಳೆತವು. ಮರುದಿನ ಅದು ಮೇಲಕ್ಕೂ ಬರಲಾರದಷ್ಟು ಸೋತಿತ್ತು.

ದನದ ದವಾಖಾನೆಯ ಡಾಕ್ಟರಿಗೆ ಫೋನ್ ಮಾಡಿದೆ. ನಗಬಹುದು ಅಂದುಕೊಂಡಿದ್ದೆ, ನಗಲಿಲ್ಲ. "ನನಗ ಎಮ್ಮಿ ಗೊತ್ತು, ಆಕಳ ಗೊತ್ತು. ಇದು ನನಗ ತಿಳಿಯೂದಿಲ್ಲರಿ. ಆದ್ರ ಔಷಧ ಹಾಕೂದ ನಿಲ್ಲಸ್ರಿ, ಮೊದಲ ನೀರ ತಪಾಸ ಮಾಡಸ್ರಿ" ಅಂದರು. ಮೀನಿನ ರೋಗ ಕಲಿಸುವ ಕಾಲೇಜು ನಮ್ಮ ರಾಜ್ಯದಲ್ಲೇ ಇದೆ, ಮಂಗಳೂರಿನಲ್ಲಿ, 1969ರಿಂದ. ಆದರೆ ಬೇಡಕಿಹಾಳ ಒಂದು ತುದಿ, ಮಂಗಳೂರು ಇನ್ನೊಂದು ತುದಿ. ಪಕ್ಕದ ಮನೆಯ ಮಾಮಾ ಬಂದು ನೋಡಿ, "ದೂಧಗಂಗಾದಾಗ ಬಿಟ್ಟ ಬಾ, ಬದಕತೈತಿ" ಅಂದರು. ಬದುಕುವುದಿಲ್ಲ. ಈ ಸ್ಥಿತಿಯಲ್ಲಿ, ಆ ತಣ್ಣೀರಿನಲ್ಲಿ ಒಂದು ರಾತ್ರಿ ಕಳೆಯುವುದೂ ಕಷ್ಟ. ಬದುಕಿದರೂ ಪರದೇಶದ ಮೀನನ್ನು, ಅದೂ ರೋಗದ ಮೀನನ್ನು, ನಮ್ಮ ಹೊಳೆಗೆ ಬಿಡಬಾರದು.

ಆ ರಾತ್ರಿ ಓದಲು ಕೂತೆ. ಇದರ ಮೂಲ ಥೈಲ್ಯಾಂಡ್ ಮತ್ತು ಅದರ ಸುತ್ತಲಿನ ಸೀಮೆ. 2019ರಲ್ಲಿ ಥೈಲ್ಯಾಂಡ್ ಇದನ್ನು ತನ್ನ ರಾಷ್ಟ್ರೀಯ ಜಲಚರ ಅಂತ ಘೋಷಿಸಿತು. ಭತ್ತದ ಗದ್ದೆ, ಕೆಸರು, ನಿಂತ ನೀರು ಇದರ ಮನೆ. ಕಿವಿರಿನ ಜೊತೆಗೆ ತಲೆಯೊಳಗೆ ಇನ್ನೊಂದು ಉಸಿರಾಟದ ಅಂಗ ಇರುವುದರಿಂದ ನೇರ ಗಾಳಿಯನ್ನೂ ಉಸಿರಾಡುತ್ತದೆ. ಅದಕ್ಕೇ ಅಂಗಡಿಯವರು "ಸಣ್ಣ ಡಬ್ಬಿ ಸಾಕು, ಫಿಲ್ಟರ್ ಬೇಡ" ಅನ್ನುವುದು. ಅರ್ಧ ಮಾತ್ರ ನಿಜ. ಗದ್ದೆಯ ನೀರಿಗೆ ಆಳವಿಲ್ಲ, ಆದರೆ ಅಗಲವಿದೆ. ನೀರು ಹಾಯಿಸಿದ ಕಬ್ಬಿನ ಹೊಲವನ್ನೇ ನೆನೆಸಿಕೊಳ್ಳಿ, ಮೊಣಕಾಲು ಮುಳುಗದಿದ್ದರೂ ಎಷ್ಟು ಕೊಡ ನೀರು! ಎರಡು ಲೀಟರಿನಲ್ಲಿ ಅದು ಸಾಯುವುದು ಗಾಳಿಯಿಲ್ಲದೆ ಅಲ್ಲ, ತನ್ನದೇ ಹೊಲಸಿನಿಂದ.

ಮೀನಿನ ಹೊಲಸು ಮತ್ತು ಕೊಳೆತ ಆಹಾರದಿಂದ ಅಮೋನಿಯಾ ಹುಟ್ಟುತ್ತದೆ. ಅದು ಕಿವಿರನ್ನೂ ರೆಕ್ಕೆಯನ್ನೂ ಸುಡುತ್ತದೆ. ಕಲ್ಲು, ಫಿಲ್ಟರಿನ ಸ್ಪಂಜಿನ ಮೇಲೆ ಬೆಳೆಯುವ ಒಂದು ಬಗೆಯ ಬ್ಯಾಕ್ಟೀರಿಯಾ ಅದನ್ನು ನೈಟ್ರೈಟ್ ಮಾಡುತ್ತವೆ, ಇನ್ನೊಂದು ಬಗೆಯವು ಅದನ್ನು ನೈಟ್ರೇಟ್ ಮಾಡುತ್ತವೆ. ಮೊದಲಿನೆರಡೂ ವಿಷ, ಮೂರನೆಯದು ಮಿತಿಯಲ್ಲಿದ್ದರೆ ಪರವಾಗಿಲ್ಲ. ಈ ಬ್ಯಾಕ್ಟೀರಿಯಾ ನೆಲೆಯೂರಲು ನಾಲ್ಕರಿಂದ ಆರು ವಾರ ಬೇಕು. ಅವುಗಳಲ್ಲಿ ಅಷ್ಟಿಷ್ಟು ಇದ್ದವನ್ನೂ ನಾನು ಸಾಬೂನು, ಕ್ಲೋರಿನ್, ನೀಲಿ ಔಷಧ ಹಾಕಿ ಒಂದೇ ದಿನದಲ್ಲಿ ಕೊಂದಿದ್ದೆ.

ನೀರು ಪರೀಕ್ಷಿಸುವ ಕಿಟ್ ತರಿಸಿದೆ. ಕೊರಿಯರ್ ನಮ್ಮೂರು ಮುಟ್ಟಲು ಐದು ದಿನ. ಹನಿ ಹಾಕಿದರೆ ಹಳದಿ ಇರಬೇಕಾದದ್ದು ಗಾಢ ಹಸಿರಾಯಿತು. ಥರ್ಮಾಮೀಟರ್ ಬೆಳಿಗ್ಗೆ 19 ಡಿಗ್ರಿ ತೋರಿಸಿತು. ಇದಕ್ಕೆ ಬೇಕಾದದ್ದು 25ರಿಂದ 27. ನಮಗೆ ಆ ಚಳಿ ಹಿತ, ಸ್ವೆಟರ್ ಹಾಕಿಕೊಂಡು ಚಹಾ ಕುಡಿಯುತ್ತೇವೆ. ಮೈಯ ಬಿಸಿಯನ್ನು ತಾನೇ ಕಾಯ್ದುಕೊಳ್ಳಲಾಗದ ಮೀನಿಗೆ ತಣ್ಣೀರಿನಲ್ಲಿ ತಿಂದದ್ದು ಅರಗುವುದಿಲ್ಲ, ರೋಗ ತಡೆಯುವ ಶಕ್ತಿಯೂ ಇಳಿಯುತ್ತದೆ.

ಎರಡನೇ ಸಲ ಒಂದೊಂದೇ ಕೆಲಸ ಮಾಡಿದೆ. ಬೋರಿನ ನೀರಿನ 20 ಲೀಟರ್ ಟ್ಯಾಂಕ್, 50 ವ್ಯಾಟ್ ಹೀಟರ್, ಮೆಲ್ಲಗೆ ಗುಳ್ಳೆ ಬಿಡುವ ಸ್ಪಂಜ್ ಫಿಲ್ಟರ್. ಬಿಸಿಯನ್ನು ಒಮ್ಮೆಲೇ ಅಲ್ಲ, ದಿನಕ್ಕೆ ಎರಡು ಡಿಗ್ರಿಯಂತೆ ಏರಿಸಿದೆ. ಟ್ಯಾಂಕನ್ನು ಅರ್ಧಕ್ಕಿಂತ ಕಡಿಮೆ ತುಂಬಿಸಿದೆ, ಸೋತ ಮೀನು ಗಾಳಿಗಾಗಿ ದೂರ ಈಜಬಾರದು ಅಂತ. ಹೀಟರ್ ಪೂರ್ತಿ ಮುಳುಗಿರಬೇಕು, ಅದಕ್ಕೆ ಅಡ್ಡ ಮಲಗಿಸಿದೆ. ಮೇಲೆ ಮುಚ್ಚಳ, ಏಕೆಂದರೆ ಬೆಟ್ಟಾ ಜಿಗಿಯುತ್ತದೆ. ನೆಲಕ್ಕೆ ಬಿದ್ದರೆ ಗಾಯ, ಯಾರೂ ನೋಡದಿದ್ದರೆ ಸಾವು. ನಳದ ನೀರೇ ಗತಿಯಾದ ದಿನ ಬಕೆಟ್ಟಿನಲ್ಲಿ ಒಂದು ದಿನ ತೆರೆದಿಟ್ಟರೆ ಬ್ಲೀಚಿಂಗ್ ಪೌಡರಿನ ಕ್ಲೋರಿನ್ ಹಾರಿಹೋಗುತ್ತದೆ, ಅವಸರವಿದ್ದರೆ ಅಂಗಡಿಯ ಆಂಟಿ-ಕ್ಲೋರಿನ್ ಹನಿ. ದಿನಾ ಕಾಲು ಭಾಗ ನೀರು ಬದಲಿ. ರಾತ್ರಿ ಕರೆಂಟು ಹೋದರೆ ಅಂತ ಅವ್ವ ಮೂರು ಬದಿಗೆ ಕೌದಿ ಹೊದಿಸಿದಳು.

ಉಪ್ಪಿನಲ್ಲಿ ಮತ್ತೆ ಎಡವಿದೆ. ಅಯೋಡಿನ್ ಇಲ್ಲದ ಉಪ್ಪು, ಲೀಟರಿಗೆ ಒಂದು ಗ್ರಾಂ, ಬೇರೆ ಲೋಟದಲ್ಲಿ ಕರಗಿಸಿ ಹಾಕಬೇಕು, ಹತ್ತು ದಿನ ಮೀರಬಾರದು. ನಾನು ನೀರು ಬದಲಿಸಿದಾಗಲೆಲ್ಲ ಇಡೀ ಟ್ಯಾಂಕಿನ ಲೆಕ್ಕದ ಉಪ್ಪು ಹಾಕುತ್ತಿದ್ದೆ. ಉಪ್ಪು ಆವಿಯಾಗುವುದಿಲ್ಲ! ಎರಡು ಲೀಟರ್ ತೆಗೆದರೆ ಎರಡು ಲೀಟರಿನಷ್ಟೇ ಮರಳಿ ಹಾಕಬೇಕು. ಇಂಜಿನಿಯರಿಂಗ್ ಓದಿದವನಿಗೆ ಇದು ಹೊಳೆಯಲು ಮೂರು ದಿನ ಹಿಡಿಯಿತು.

ಮೀನು ಎದ್ದಿತು, ಈಜಿತು, ಕಾಳು ತಿಂದಿತು. ಬಾಲ ಮಾತ್ರ ದಿನದಿಂದ ದಿನಕ್ಕೆ ಕಡಿಮೆಯಾಗುತ್ತಲೇ ಇತ್ತು.

ಇಲ್ಲಿ ನನ್ನ ಬುದ್ಧಿ ನಿಂತುಹೋಯಿತು. ರೆಕ್ಕೆ ಕೊಳೆರೋಗವಾದರೆ ಅಂಚು ಕಪ್ಪಗೋ ಕೆಂಪಗೋ ಆಗಿ ಸ್ವಲ್ಪ ಸ್ವಲ್ಪ ಕರಗುತ್ತದೆ. ಪ್ಲಾಸ್ಟಿಕ್ ಗಿಡಕ್ಕೆ ಸಿಕ್ಕಿ ಹರಿದರೆ ಸೀಳಿದಂತಿರುತ್ತದೆ. ಅವ್ವನ ಹಳೆಯ ನೈಲಾನ್ ಸೀರೆಯ ತುಂಡನ್ನು ಗಿಡದ ಮೇಲೆ ಎಳೆದು ನೋಡಿದೆ, ಎಳೆ ಕಿತ್ತುಬಂತು, ಗಿಡ ಅವತ್ತೇ ಕಸಕ್ಕೆ. ಆಮೇಲೂ ಒಂದು ಬೆಳಿಗ್ಗೆ ಎದ್ದು ನೋಡಿದರೆ ರೊಟ್ಟಿ ಕಚ್ಚಿದಂತೆ ಅರ್ಧಚಂದ್ರಾಕಾರದ ತುಂಡು ಮಾಯ. ಅಂಚಿನಲ್ಲಿ ಕಪ್ಪಿಲ್ಲ, ಕೆಂಪಿಲ್ಲ. ಟ್ಯಾಂಕಿನಲ್ಲಿ ಬೇರೆ ಯಾರೂ ಇಲ್ಲ.

ಮೂರನೇ ಭಾನುವಾರ ಫೋನ್ ಬಂತು.

"ಪೈಲವಾನ ಹ್ಯಾಂಗ ಅದಾನ?"

"ಆರಾಮಿಲ್ಲೋ" ಅಂದೆ. "ಹದಿನೈದ ದಿನಾ ಆತು. ನಿನಗ ಸುಳ್ಳ ಹೇಳಿದೆ." ಎಲ್ಲ ಹೇಳಿದೆ, ಸಾಬೂನಿನ ಸಮೇತ.

ಅಳುತ್ತಾನೆ ಅಂದುಕೊಂಡೆ. ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದ: "ಅವಾ ತನ್ನ ಬಾಲ ತಾನ ಕಡಕೊಳ್ಳಾಕತ್ತಾನೇನು? ನಾ ಇದ್ದಾಗೂ ಒಮ್ಮೆ ಕಡಕೊಂಡಿದ್ದ. ಕನ್ನಡ್ಯಾಗ ನೋಡಿ ಭಾಳ ಸಿಟ್ಟಿಗೆದ್ದಿದ್ದ."

ಕನ್ನಡಿ. ಏಳು ತಿಂಗಳಿಂದ ನನ್ನ ಕಣ್ಣ ಮುಂದೆಯೇ ಇತ್ತು. ಹೊಸ ಟ್ಯಾಂಕನ್ನೂ ಚೀಟಿಗೆ ವಿಧೇಯನಾಗಿ ಅಲ್ಲೇ ಇಟ್ಟಿದ್ದೆ. ಗಂಡು ಬೆಟ್ಟಾಗೆ ತನ್ನ ಬಿಂಬ ಅಂದರೆ ತನ್ನ ಸೀಮೆಗೆ ನುಗ್ಗಿದ ಇನ್ನೊಂದು ಗಂಡು. ಕಿವಿರು ಅಗಲಿಸಿ, ರೆಕ್ಕೆ ಬಿಡಿಸಿ ಮೇಲೆ ಹೋಗುತ್ತದೆ. ಒಂದೆರಡು ನಿಮಿಷವಾದರೆ ಆಟ, ಹಗಲೆಲ್ಲ ಆದರೆ ಹಿಂಸೆ. ಆ ಒತ್ತಡದಲ್ಲಿ ಕೆಲವು ಮೀನು ತಮ್ಮ ಬಾಲವನ್ನೇ ಕಚ್ಚಿಕೊಳ್ಳುತ್ತವೆ. ಅದು ರೆಕ್ಕೆ ಬಿಡಿಸಿ ನಿಂತಾಗಲೆಲ್ಲ ನಾನು ಖುಷಿಪಟ್ಟು, ಆಫೀಸಿನ ಗ್ರೂಪಿಗೆ ಫೋಟೋ ಬೇರೆ ಹಾಕಿದ್ದೆ.

"ಮತ್ತ ಕನ್ನಡಿ ಮುಂದ ಯಾಕ ಇಟ್ಟಿದ್ದ್ಯೋ?" ಅಂತ ಕೇಳಿದೆ.

"ಒಬ್ಬನ ಇರ್ತಾನಲ್ಲ ಅಂತ."

ಹಾಸ್ಟೆಲ್ಲಿಗೆ ಹೊರಟ ಹಿಂದಿನ ರಾತ್ರಿ ಆ ಬೌಲನ್ನು ಎರಡೂ ಕೈಯಲ್ಲಿ ಹಿಡಿದು ಅವನು ಕಪಾಟಿನ ಮುಂದೆ ತಂದಿಟ್ಟದ್ದು ನೆನಪಾಯಿತು.

"ಈಗ ಸರಸ್ತೀನಿ" ಅಂದೆ.

"ಸರಸಿದ್ರ ಅವಗ ಬ್ಯಾಸರ ಆಗೂದಿಲ್ಲೇನು ಕಾಕಾ?"

"ಇಲ್ಲೋ. ಅವಾ ಒಬ್ಬನ ಇರೂದ. ಅವರ ಜಾತಿನ ಹಂಗ."

"ಹೌದಾ" ಅಂದ. ಆಮೇಲೆ, "ನನಗೂ ಮೊದಲಿನಷ್ಟ ಬ್ಯಾಸರಾಗವಲ್ದು" ಅಂದ. ಹಿಂದಿನಿಂದ ಯಾರೋ ಟೈಮ್ ಆಯ್ತು ಅಂತ ಕೂಗಿದರು.

ಟ್ಯಾಂಕನ್ನು ಕಿಟಕಿಯ ಬಿಸಿಲು ನೇರ ಬೀಳದ ಕಡೆ, ಅಡುಗೆಮನೆಯ ಗೋಡೆಗೆ ಒತ್ತಿ ಇಟ್ಟೆವು. ಬಾಲ ಕಡಿಮೆಯಾಗುವುದು ನಿಂತಿತು. ಮೂರು ವಾರಕ್ಕೆ ಅಂಚಿನಲ್ಲಿ ತೆಳ್ಳಗೆ, ಬಣ್ಣವಿಲ್ಲದ ಪೊರೆ ಕಾಣಿಸಿತು. ಬೂಷ್ಟು ಅಂತ ಗಾಬರಿಯಾಗಿ ನೀಲಿ ಔಷಧದ ಬಾಟಲಿಗೆ ಕೈ ಹಾಕಿದ್ದೆ. ಅದು ಹೊಸ ಬಾಲ. ಚಿಗುರುವಾಗ ಪಾರದರ್ಶಕವಾಗೇ ಇರುತ್ತದೆ, ಬಣ್ಣ ಆಮೇಲೆ. ಬೂಷ್ಟಾದರೆ ಹತ್ತಿಯ ಎಳೆಯಂತೆ ಕಾಣುತ್ತದೆ.

ಎಲ್ಲ ಮೀನೂ ಹೀಗೆ ಏಳುವುದಿಲ್ಲ. ಹೊಟ್ಟೆ ಉಬ್ಬಿದ್ದರೆ ಎರಡು ದಿನ ಉಪವಾಸ ಹಾಕಿ ನೋಡಬಹುದು, ಬಹಳ ಸಲ ಅದು ಅತಿಯಾಗಿ ತಿನ್ನಿಸಿದ ಫಲ. ಹೊಟ್ಟೆ ಉಬ್ಬಿ, ಮೇಲಿಂದ ನೋಡಿದಾಗ ಮೈಯ ಹುರುಪೆಗಳೆಲ್ಲ ಎದ್ದು ನಿಂತಿದ್ದರೆ ಒಳಗಿನ ಅಂಗಗಳೇ ಸೋತಿವೆ ಅಂತ ಲೆಕ್ಕ. ಅಲ್ಲಿಂದ ಮರಳುವವು ಕಡಿಮೆ. ಆರೋಗ್ಯವಾಗಿದ್ದರೂ ಇವುಗಳ ಆಯುಷ್ಯ ಎರಡು ಮೂರು ವರ್ಷ, ಅಂಗಡಿಯಿಂದ ತರುವಾಗಲೇ ಅದರಲ್ಲಿ ಕೆಲವು ತಿಂಗಳು ಕಳೆದಿರುತ್ತವೆ. ಇದನ್ನೂ ಹುಡುಗನಿಗೆ ಹೇಳಿದ್ದೇನೆ, ಫೋನಿನಲ್ಲಲ್ಲ, ಸಂಕ್ರಾಂತಿಗೆ ಬಂದಾಗ, ಟ್ಯಾಂಕಿನ ಮುಂದೆ ಕೂತು. ಅಣ್ಣ ಮಾತ್ರ, 120 ರೂಪಾಯಿ ಮೀನಿಗೆ ಮೂರು ಸಾವಿರ ಹಾಕಿದೆ ಅಂತ ಈಗಲೂ ಬಂದವರ ಮುಂದೆಲ್ಲ ನಗುತ್ತಾನೆ.

ಮೊನ್ನೆ ಭಾನುವಾರ ಮತ್ತೆ ಫೋನ್. "ಕಾಕಾ, ಪೈಲವಾನ?"

"ಇಪ್ಪತ್ತಾರ ಡಿಗ್ರಿ, ಅಮೋನಿಯಾ ಸೊನ್ನೆ, ಬಾಲ ಅರ್ಧ ಬಂದೈತಿ."

"ಹಾಂ, ಆತು. ಆಯಿಗೆ ಕೊಡು."